ತಂಗಿಯ ಹೊಟ್ಟೆಯಲ್ಲಿದ್ದದ್ದು

ಆ ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ರೂಢಿಯಿತ್ತು. ಬ್ಯಾಕ್ಟೀರಿಯಾ ಬೆಳೆಸುವ ಹೊಸ ತಟ್ಟೆಗಳು ಬಂದಾಗ, ಅವು ಸರಿಯಿವೆಯೇ ಎಂದು ನೋಡಲು ಕೆಲಸದವರೇ ಸರದಿಯ ಮೇಲೆ ತಮ್ಮ ಮಲದ ಮಾದರಿ ಕೊಡಬೇಕು. ಊರಿಗೆಲ್ಲ ಬುದ್ಧಿ ಹೇಳುವವರ ಹೊಟ್ಟೆಯ ಬಂಡವಾಳ ಆಗ ಬಯಲಾಗುತ್ತದೆ ಎಂದು ನಗುವುದೂ ರೂಢಿಯೇ. ಈ ಸಲ ಸರದಿ ಅಲ್ಲಿನ ಟೆಕ್ನಿಷಿಯನ್ ಒಬ್ಬಳದು. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಇದ್ದ ಒಬ್ಬಳೇ ಅಕ್ಕ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕ್ಯಾನ್ಸರ್ ಔಷಧಿಗೆ ಮೈಯ ಶಕ್ತಿಯೆಲ್ಲ ಸೋತು, ಸೋಂಕಿನ ಜ್ವರದಲ್ಲಿ ಮಲಗಿದ್ದಳು.

ತಟ್ಟೆಗೆ ಬೆರೆಸಿದ್ದು ಬೇರೆ ಯಾವುದೂ ನಾಟದಿದ್ದಾಗ ಕೊಡುವ ಆ್ಯಂಟಿಬಯಾಟಿಕ್. ಆರೋಗ್ಯವಂತರ ಮಾದರಿಯಿಂದ ಅದರ ಮೇಲೆ ಏನೂ ಬೆಳೆಯಬಾರದು. ಅವಳ ತಟ್ಟೆಯಲ್ಲಿ ಬೆಳೆದಿತ್ತು.

ಅದು ಕರುಳಿನ ಸಾಧು ಬ್ಯಾಕ್ಟೀರಿಯಾ. ಅವಳಿಗೆ ಅದರಿಂದ ಒಂದು ತಲೆನೋವೂ ಬಂದಿರಲಿಲ್ಲ. ಆದರೆ ಅದರೊಳಗೆ ಪ್ಲಾಸ್ಮಿಡ್ ಎಂಬ ಪುಟ್ಟ ಜೀನಿನ ಉಂಗುರವಿತ್ತು, ಔಷಧಿಗೆ ಸೊಪ್ಪು ಹಾಕದಿರುವ ವಿದ್ಯೆ ಅದರಲ್ಲೇ. ಈ ವಿದ್ಯೆ ಆ ಬ್ಯಾಕ್ಟೀರಿಯಾದ ಮಕ್ಕಳಿಗಷ್ಟೇ ಹೋಗುವುದಲ್ಲ, ಪಕ್ಕದಲ್ಲಿದ್ದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ನೆರೆಮನೆಗೆ ಹೆಪ್ಪು ಕೊಟ್ಟ ಹಾಗೆ: ಕೊಟ್ಟವರಿಗೇನೂ ಕಡಿಮೆಯಾಗುವುದಿಲ್ಲ, ತೆಗೆದುಕೊಂಡವರು ಮತ್ತೊಬ್ಬರಿಗೆ ಕೊಡುತ್ತಾರೆ. ಅಕ್ಕನ ಜ್ವರದ ಬ್ಯಾಕ್ಟೀರಿಯಾ ಇನ್ನೂ ಬಗ್ಗುತ್ತಿದ್ದದ್ದು ಇದೊಂದೇ ಔಷಧಿಗೆ. ಅದಕ್ಕೂ ಈ ವಿದ್ಯೆ ಸಿಕ್ಕರೆ ಡಾಕ್ಟರು ಕೈಚೆಲ್ಲಬೇಕು.

ಅಕ್ಕನಿಗೆ ದಿನಾ ಕೈತುತ್ತು ಹಾಕುತ್ತಿದ್ದವಳು ಅವಳೇ; ಎಷ್ಟು ತೊಳೆದರೂ ಆ ಕೈಯಿಂದ ಅದು ತುತ್ತಿನ ಜೊತೆ ಅಕ್ಕನ ಹೊಟ್ಟೆ ಸೇರಬಹುದು. ಬೇರೆಯವರು ಕೊಟ್ಟರೆ ಅಕ್ಕ ತಿನ್ನುತ್ತಿರಲಿಲ್ಲ. ಅವಳು ತಾನಾಗಿ ಹೋಗಿ ವಾರ್ಡಿನ ಡಾಕ್ಟರಿಗೆ ವಿಷಯ ಹೇಳಿದಳು. ಜ್ವರ ಇಳಿಯುವವರೆಗೆ ಒಳಗೆ ಬರಬೇಡಿ ಎಂದರು ಅವರು. ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು.

ಮಾರನೆಯ ದಿನ ಅಕ್ಕನ ಫೋನು ಬಂತು. ಇವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಜ್ವರದ ತಲೆಗೆ ಅದು ಹತ್ತಲಿಲ್ಲ.

"ನಂಗೆ ಸಾಯೋಕೆ ಹೆದರಿಕೆ ಇಲ್ಲ ಕಣೇ," ಅಂದಳು ಅಕ್ಕ. "ಒಬ್ಳೇ ಸಾಯೋಕೆ ಹೆದರಿಕೆ. ಬಾರೇ."

"ಬರಲ್ಲ ಅಕ್ಕಾ. ನೀನು ಊಟ ಮಾಡು."

"ಸಾಕಾಗಿದೀನಿ ಅನ್ನು ನಿಂಗೆ."

ಫೋನು ಕಟ್ಟಾಯಿತು. ತಂಗಿ ಮೂರನೇ ಮಹಡಿ ಹತ್ತಿ ವಾರ್ಡಿನ ಗಾಜಿನ ಹೊರಗೆ ನಿಂತಳು. ಒಳಗೆ ನರ್ಸು ಚಮಚ ಹಿಡಿದು ಕಾಯುತ್ತಿದ್ದಳು. ಅಕ್ಕ ತುಟಿ ಬಿಗಿದು ಗೋಡೆಯ ಕಡೆ ತಿರುಗಿದ್ದಳು. ಏಕೋ ಈ ಕಡೆ ಹೊರಳಿದಾಗ ತಂಗಿ ಕಂಡಳು. ಅಕ್ಕ ಕಣ್ಣು ಕೀಳದೆ ನೋಡಿದಳು. ಆಮೇಲೆ, ನೀನಿಲ್ಲದಿದ್ದರೆ ನನ್ನ ಹೊಟ್ಟೆಯೇನೂ ಖಾಲಿ ಇರುವುದಿಲ್ಲ ಎನ್ನುವ ಹಾಗೆ, ನರ್ಸಿನ ಕಡೆ ಬಾಯಿ ತೆರೆದಳು. ಒಂದೊಂದೇ ಚಮಚ, ತಂಗಿಯನ್ನೇ ನೋಡುತ್ತ, ಎಲ್ಲವನ್ನೂ ನುಂಗಿದಳು.

ತಂಗಿ ಬೇಡಿಕೊಂಡಿದ್ದೂ ಅದನ್ನೇ. ಆದರೆ ಬಟ್ಟಲು ಖಾಲಿಯಾಗುವ ಹೊತ್ತಿಗೆ, ಇನ್ನು ತಾನು ಯಾರಿಗೂ ಬೇಕಾದವಳಲ್ಲ ಅನ್ನಿಸಿ, ಅಲ್ಲೇ ನಿಂತು ಅತ್ತುಬಿಟ್ಟಳು.