ಪ್ರೇಕ್ಷಕರು ನಲವತ್ತೊಂದು

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕುದಿನೀರಿನ ಪೈಪು ಒಡೆದು ಮೂವರು ಹೆಂಗಸರ ಕೈಗಳು ಬೆಂದವು. ಆ ಹೊತ್ತಿಗೆ ಕೋಣೆಯಲ್ಲಿ ಯಾರೂ ಇರಲಿಲ್ಲ ಎಂದು ಆಡಳಿತದವರು ವರದಿ ಬರೆದರು.

ಆ ಮೂವರಲ್ಲಿ ಒಬ್ಬಳ ಮಗಳು ಅಲ್ಲಿಯೇ ಇಸ್ತ್ರಿ ಮಾಡುವವಳು. ಕೇಳಿ ತಂದ ಕ್ಯಾಮೆರಾದಲ್ಲಿ ಎರಡು ವರ್ಷ ಹೆಣಗಿ, ಬೆಂದ ಕೈಗಳ ಮೇಲೆ ಎಂಬತ್ತು ನಿಮಿಷದ ಸಿನಿಮಾ ಮಾಡಿದಳು. ಮಾಡಿದವಳೇ ಅರ್ಜಿಯಕ್ಕನ ಬಾಗಿಲು ತಟ್ಟಿದಳು.

ಬೆನ್ನ ಹಿಂದೆ ಕಂಪನಿಯಿಲ್ಲದೆ, ಕೈಯಲ್ಲಿ ಶಿಫಾರಸಿಲ್ಲದೆ ಸಿನಿಮಾ ಮಾಡಿದವರಿಗೆಲ್ಲ ಚಿತ್ರೋತ್ಸವಗಳಿಗೆ ಅರ್ಜಿ ಹಾಕಿಕೊಡುವ ಅರ್ಜಿಯಕ್ಕನೇ ದಿಕ್ಕು. ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ, ಒಂದು ಕಂಪ್ಯೂಟರು, ಗೋಡೆ ತುಂಬ ಉತ್ಸವಗಳ ದಿನಾಂಕಗಳು. ಯಾವ ಸಿನಿಮಾ ಯಾವ ಉತ್ಸವಕ್ಕೆ ಒಗ್ಗುತ್ತದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ಆದರೂ ಹನ್ನೆರಡು ವರ್ಷದಲ್ಲಿ ಅವಳು ಕಳಿಸಿದ ಒಂದು ಸಿನಿಮಾವೂ ದೊಡ್ಡ ಉತ್ಸವದ ಮುಖ್ಯ ಸ್ಪರ್ಧೆಯ ಹೊಸ್ತಿಲು ತುಳಿದಿರಲಿಲ್ಲ.

ಅಂಥದ್ದೇ ಒಂದು ದೊಡ್ಡ ಉತ್ಸವಕ್ಕೆ ಕಳಿಸಿದ ಹುಡುಗಿಯ ಅರ್ಜಿ ಮೊದಲ ಜರಡಿ ದಾಟಿತು. ಇನ್ನು ಆಯ್ಕೆಗಾರರ ಮುಂದೆ ನಿಂತು ಏಳು ನಿಮಿಷ ಮಾತಾಡಬೇಕು.

"ಕೈ ಕಟ್ಕೊಂಡು ನಿಲ್ಬೇಡ ಕಣೇ, ರಜೆ ಕೇಳೋಕೆ ಬಂದಿದೀಯಾ?" ಎಂದು ಅಭ್ಯಾಸ ಮಾಡಿಸುತ್ತ ಅರ್ಜಿಯಕ್ಕ ಗದರಿದಳು.

"ದೊಡ್ಡವರ ಮುಂದೆ ನಿಂತ್ರೆ ಕೈ ತಾನಾಗೇ ಕಟ್ಕೊಳ್ಳುತ್ತೆ ಅಕ್ಕಾ."

"ಹಾಗಾದ್ರೆ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದೆ ಅಂದ್ಕೋ. ಎದುರಿಗೆ ಕೂತಿರೋರೆಲ್ಲ ಸುಕ್ಕು."

ಹುಡುಗಿ ಹೋಗಿ ಏಳು ನಿಮಿಷ ಸುಕ್ಕು ಬಿಡಿಸಿ ಬಂದಳು. ವಾರ ಕಳೆಯುವಷ್ಟರಲ್ಲಿ ಪತ್ರ ಬಂತು: ಮುಖ್ಯ ಸ್ಪರ್ಧೆಗೆ ಆಯ್ಕೆ, ಪ್ರದರ್ಶನ ಉತ್ಸವದ ಮೊದಲ ದಿನವೇ! ಅರ್ಜಿಯಕ್ಕ ಕುರ್ಚಿ ಹತ್ತಿ ಗೋಡೆಯ ಮೇಲಿನ ಆ ದಿನಾಂಕಕ್ಕೆ ಕೆಂಪು ಸುತ್ತು ಹಾಕಿದಳು. ತಾಯಿ ಮಗಳು ಓಡಿ ಬಂದರು. ಜೆರಾಕ್ಸಿನವನು ಕೇಳದೆಯೇ ಟೀ ಕಳಿಸಿದ.

ಅಷ್ಟರಲ್ಲಿ ಉತ್ಸವದ ವ್ಯವಸ್ಥಾಪಕರ ಫೋನು. ಎಲ್ಲರೂ ಕೇಳಲಿ ಎಂದು ಅರ್ಜಿಯಕ್ಕ ಸ್ಪೀಕರ್ ಒತ್ತಿದಳು.

"ಅಭಿನಂದನೆ ಮೇಡಂ. ಒಂದೇ ಒಂದು ತೊಡಕು. ಮುಖ್ಯ ಸ್ಪರ್ಧೆಯ ಸಿನಿಮಾನ ಮೊದಲು ಎಲ್ಲೂ ತೋರಿಸಿರಬಾರದು. ನಿಮ್ಮ ಅರ್ಜಿ ನೋಡಿ: 'ಮೊದಲ ಪ್ರದರ್ಶನ: ಬಟ್ಟೆ ಒಗೆಯುವ ಕೋಣೆ, ಬೆಡ್‌ಶೀಟಿನ ಮೇಲೆ. ಪ್ರೇಕ್ಷಕರು ನಲವತ್ತೊಂದು.'"

ಅರ್ಜಿಯಕ್ಕ ನಾಲಿಗೆ ಕಚ್ಚಿಕೊಂಡಳು. ಆ ಸಾಲನ್ನು ಹುಡುಗಿಯೇ ತುಂಬಿದ್ದಳು, ಹೆಮ್ಮೆಯಿಂದ. ಇಂಥದ್ದನ್ನೆಲ್ಲ ಸದ್ದಿಲ್ಲದೆ ಬಿಟ್ಟುಬಿಡಿ ಎಂದು ತಾನೇ ಎಷ್ಟು ಜನರಿಗೆ ಹೇಳಿಕೊಟ್ಟಿರಲಿಲ್ಲ! ಈ ಸಲ ಕಣ್ತಪ್ಪಿತ್ತು.

"ಅದೆಲ್ಲ ಪ್ರದರ್ಶನ ಅನ್ನಿಸ್ಕೊಳ್ಳಲ್ಲ ಮೇಡಂ. ಯಾರೂ ನೋಡಿಲ್ಲ ಅಂತ ಬರೆದು ಈಗಲೇ ಕಳಿಸಿ. ಇಲ್ಲದಿದ್ರೆ ಜಾಗ ಬೇರೆಯವರಿಗೆ ಹೋಗುತ್ತೆ."

ಕೈಗೆ ಬಂದ ತುತ್ತು ಇನ್ನೂ ಬಾಯಿಗೆ ಬಂದಿರಲಿಲ್ಲ. ಅರ್ಜಿಯಕ್ಕ ಅರ್ಜಿ ತೆರೆದು ಆ ಸಾಲಿನ ಕೊನೆಗೆ ಹೋದಳು. ಅಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು.

"ನಿಮ್ಮದು ಹನ್ನೆರಡು ವರ್ಷದ ದುಡಿಮೆ ಅಕ್ಕಾ. ನೀವು ಹೇಳಿದ ಹಾಗೆ," ಎಂದಳು ಹುಡುಗಿ ಮೆಲ್ಲಗೆ.

ತಾಯಿ ಟೀ ಲೋಟವನ್ನು ಮೇಜಿನ ಮೇಲಿಟ್ಟಳು. ಬೆಂದು ಮಾಗಿದ ಆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

"ಅವತ್ತು ಹಗ್ಗ ಸಾಲದೆ ಬೆಡ್‌ಶೀಟಿನ ಒಂದು ತುದಿ ನಾನೇ ಹಿಡ್ಕೊಂಡು ನಿಂತಿದ್ದೆ, ಸಿನಿಮಾ ಮುಗಿಯೋತನಕ. ಕೋಣೇಲಿ ಯಾರೂ ಇರಲಿಲ್ಲ ಅಂತ ಒಂದು ಸಲ ಆಸ್ಪತ್ರೆಯೋರು ಬರೆದಾಯ್ತು. ಈಗ ನಾವೇ ಬರೀಬೇಕಾ ಅಕ್ಕಾ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ. ಅರ್ಜಿಯಕ್ಕ ಬೆರಳು ತೆಗೆದಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

"ಹಲೋ? ಮೇಡಂ? ಅಳಿಸಿದ್ರಾ?"

ಹುಡುಗಿ ಫೋನಿನ ಕಡೆ ಬೆರಳು ತೋರಿಸಿ, "ಸುಕ್ಕು, ಅಕ್ಕಾ!" ಎಂದು ಪಿಸುಗುಟ್ಟಿದಳು. ತಾಯಿಗೆ ನಗು ತಡೆಯಲಾಗಲಿಲ್ಲ.

"ನೋಡಿದೋರು ನಲವತ್ತೊಂದು ಜನ ಸಾರ್," ಎಂದಳು ಅರ್ಜಿಯಕ್ಕ, ಕೆಳಗಿನ ಅಂಗಡಿಗೂ ಕೇಳುವಂತೆ. "ಸಿನಿಮಾ ಬೇಕಾದ್ರೆ ಅಷ್ಟೂ ಜನರನ್ನ ಕರ್ಕೊಂಡು ಬರ್ತೀವಿ, ಮುಂದಿನ ಸಾಲಲ್ಲಿ ಕುರ್ಚಿ ಹಾಕ್ಸಿ. ಅರ್ಜೀಲಿರೋ ಆ ಸಾಲು ಮಾತ್ರ ನಾನು ಅಳಿಸಲ್ಲ."