ಊದದೆ ಬಿಟ್ಟ ಜಾಗ

ನಾನು ಒಂದು ಕ್ಲಾರಿನೆಟ್. ನನ್ನ ಮೈಯ ಕರಿಮರ ಆಫ್ರಿಕಾದ್ದು, ಅದನ್ನು ಕಡೆದು ಕೊಳವೆ ಮಾಡಿದ ಕೈ ಫ್ರಾನ್ಸಿನದು. ಅಲ್ಲಿ ಚಳಿ ಬಹಳ. ನನ್ನನ್ನು ಕಡೆದ ಮುದುಕ ಊದಿ ನೋಡುವ ಮೊದಲು ನನ್ನನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಿದ್ದ. ತಣ್ಣಗಿರುವ ಮರಕ್ಕೆ ಒಮ್ಮೆಲೇ ಉಸಿರು ತುಂಬಿದರೆ ಬಿರುಕು ಬಿಡುತ್ತದೆ. ಪ್ರೀತಿ ಎಂದರೆ ಇವತ್ತಿಗೂ ನನಗೆ ಆ ಕಂಕುಳಿನ ಬಿಸಿಯೇ ನೆನಪಾಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಬ್ಬ ಅಮೆರಿಕನ್ ಸೈನಿಕನ ಪೆಟ್ಟಿಗೆಯೊಳಗೆ ಮಲಗಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದೆ. ಅಲ್ಲೊಂದು ಡ್ಯಾನ್ಸ್ ಹಾಲ್ ಇತ್ತು. ಸೈನಿಕ ಸಂಜೆ ಅಲ್ಲಿ ಕುಳಿತು ತನ್ನ ದೇಶದ ಜಾಝ್ ಸಂಗೀತವನ್ನು ಹಾಲಿನ ಬ್ಯಾಂಡಿನವರಿಗೆ ಕಲಿಸುತ್ತಿದ್ದ. ಮೊದಲು ಎಲ್ಲರೂ ಸೇರಿ ಹಾಡನ್ನು ನುಡಿಸಬೇಕು. ಆಮೇಲೆ ಒಬ್ಬೊಬ್ಬರೂ ಸರದಿಯಂತೆ ಅದೇ ಹಾಡಿನ ಮೇಲೆ ತಮ್ಮ ಮಾತು ಹೇಳಿಕೊಳ್ಳಬೇಕು. ಕೊನೆಗೆ ಎಲ್ಲರೂ ಮತ್ತೆ ಹಾಡಿಗೆ ಮರಳಬೇಕು. ಬರ್ಮಾದ ಯುದ್ಧಕ್ಕೆ ಹೊರಡುವ ದಿನ ಅವನು ನನ್ನನ್ನು ಸತ್ಯಶೀಲ ಎಂಬ ವಾದಕನ ಕೈಗಿಟ್ಟು, ತಾನು ಬರುವ ತನಕ ದಿನಾ ಊದುತ್ತಿರು ಎಂದು ಹೇಳಿಹೋದ. ಅವನು ಬರಲಿಲ್ಲ.

ಸತ್ಯಶೀಲ ಮೈಸೂರಿನ ಕಡೆಯ ಕ್ರೈಸ್ತರವನು. ಕಡಿಮೆ ಮಾತಿನ ಮನುಷ್ಯ. ಹೆಂಡತಿ ಮಾರ್ತಮ್ಮ. ಅವರಿಗೆ ರೂತ್ ಎಂಬ ಎಳೆಮಗು. ಮನೆಯಲ್ಲಿ ನನ್ನ ಪೆಟ್ಟಿಗೆ ತೊಟ್ಟಿಲ ಪಕ್ಕದ ಗೂಡಿನಲ್ಲಿರುತ್ತಿತ್ತು. ಮಾರ್ತಮ್ಮ ಹಿಟ್ಟಿನ ಕೈಯಲ್ಲೇ ತೊಟ್ಟಿಲು ತೂಗುತ್ತಾ ಒಂದು ಜೋಗುಳ ಗುನುಗುತ್ತಿದ್ದಳು. ಅದಕ್ಕೆ ಮಾತಿರಲಿಲ್ಲ. ರಾಗ ಮೆಲ್ಲಗೆ ಮೇಲೆ ಹತ್ತುತ್ತಿತ್ತು, ಏನೋ ಕೇಳಲು ಹೊರಟವರಂತೆ. ಅಲ್ಲಿಯೇ ನಿಂತುಬಿಡುತ್ತಿತ್ತು. ಯಾಕೆಂದರೆ ಅಷ್ಟು ಹೊತ್ತಿಗೆ ಮಗು ಮಲಗಿರುತ್ತಿತ್ತು. ಹಾಡಿನ ಕೊನೆಯನ್ನು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಬಹುಶಃ ಮಾರ್ತಮ್ಮನಿಗೂ ಗೊತ್ತಿರಲಿಲ್ಲ.

ಒಂದು ಚಳಿಗಾಲ ಮಗುವಿಗೆ ಗಂಟಲು ಬೇನೆ ಬಂತು. ಆಸ್ಪತ್ರೆಯಿಂದ ಅಪ್ಪ ಅಮ್ಮ ಬರಿಗೈಯಲ್ಲಿ ಬಂದರು. ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಪಕ್ಕದ ಮನೆಯಾಕೆ ವಾರವಿಡೀ ಹೇಳದೆ ಕೇಳದೆ ಗಂಜಿಯ ಪಾತ್ರೆಯನ್ನು ಹೊಸಿಲ ಮೇಲಿಟ್ಟು ಹೋಗುತ್ತಿದ್ದಳು. ಮಾರ್ತಮ್ಮ ಆಮೇಲೆ ಹಾಡಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿಯೂ ಪುಸ್ತಕ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳಂತೆ.

ಸತ್ಯಶೀಲ ಅಳಲಿಲ್ಲ. ಒಂದು ಸಂಜೆ, ಜನ ಬರುವ ಮುಂಚೆ, ಖಾಲಿ ಹಾಲಿನಲ್ಲಿ ನನ್ನನ್ನು ತುಟಿಗಿಟ್ಟು ಆ ಜೋಗುಳವನ್ನು ಊದಿದ. ಬ್ಯಾಂಡಿನ ಯಜಮಾನ ಬೊನಿಫಾಸ್ ಪಿಂಟೊ, ಮಂಗಳೂರಿನವನು, ಪಿಯಾನೋ ಮುಂದೆ ಕುಳಿತು ಬೀಡಿ ಸೇದುತ್ತಿದ್ದ. ಬೀಡಿಯನ್ನು ಕೆಳಗಿಟ್ಟ.

"ಇದು ಎಂತ ಹಾಡು ಮಾರಾಯ? ಎಲ್ಲಿಂದ ಕದ್ದದ್ದು?"

"ಕದ್ದಿದ್ದಲ್ಲ. ಮನೇದು."

"ತಲೆ ಉಂಟು, ಹೊಟ್ಟೆ ಉಂಟು, ಬಾಲವೇ ಇಲ್ಲವಲ್ಲ!"

"ನಾನು ಕೇಳಿದ್ದು ಅಷ್ಟೇ."

ಪಿಂಟೊ ಅವನ ಮುಖ ನೋಡಿದ. ಮತ್ತೆ ತಮಾಷೆ ಮಾಡಲಿಲ್ಲ. ರಾಗದ ಅಡಿಯಲ್ಲಿ ಪಿಯಾನೋದ ಸ್ವರಗಳನ್ನು ಮೆತ್ತಗೆ ಹಾಸಿದ, ಮಲಗಿದವರಿಗೆ ಹೊದಿಸಿದ ಹಾಗೆ. ಬಾಲವಿಲ್ಲದ ಜಾಗವನ್ನು ಹಾಗೆಯೇ ಬಿಟ್ಟ. ಅಲ್ಲಿಗೆ ಬಂದಾಗ ಅವರವರಿಗೆ ತೋಚಿದ್ದನ್ನು ಅವರವರು ನುಡಿಸಲಿ ಎಂದ. ಹಾಡಿಗೆ 'ರೂತ್' ಎಂದು ಹೆಸರಾಯಿತು.

ಆ ಹಾಡನ್ನು ಜನ ಯಾಕೆ ಅಷ್ಟು ಮೆಚ್ಚಿದರೋ ಹೇಳುವುದು ಕಷ್ಟ. ಪ್ರತಿ ಶನಿವಾರ ಅದನ್ನೇ ಕೇಳುತ್ತಿದ್ದರು. ಬೇರೆ ಡ್ಯಾನ್ಸ್ ಹಾಲಿನ ವಾದಕರು ಕೇಳಿ ಕಲಿತು ಹೋದರು; ಮದರಾಸಿಗೆ, ಬೊಂಬಾಯಿಗೆ ಒಯ್ದರು. ಖಾಲಿ ಜಾಗ ಬಂದಾಗ ಕುಣಿಯುವವರ ಕಾಲು ತಾನಾಗಿ ನಿಧಾನವಾಗುತ್ತಿತ್ತು. ಟ್ರಂಪೆಟ್ಟಿನವನು ಅಲ್ಲಿ ತನ್ನ ಊರನ್ನು ತುಂಬುತ್ತಿದ್ದ, ಪಿಂಟೊ ತನ್ನ ಸತ್ತ ತಾಯಿಯನ್ನು. ಸತ್ಯಶೀಲ ಮಾತ್ರ ತನ್ನ ಸರದಿಯಲ್ಲಿ ಅಲ್ಲಿಗೆ ಬಂದ ಕೂಡಲೇ ನನ್ನನ್ನು ತುಟಿಯಿಂದ ಇಳಿಸಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಒಂದು ಸ್ವರವನ್ನೂ ಊದಿದವನಲ್ಲ.

ಮಾರ್ತಮ್ಮನಿಗೆ ಸುದ್ದಿ ಮುಟ್ಟಿದ್ದು ನೀರಿನ ನಲ್ಲಿಯ ಹತ್ತಿರ. "ನಿನ್ನ ಮಗಳ ಹೆಸರಿನ ಹಾಡಿಗೆ ಹಾಲಲ್ಲಿ ಎಲ್ಲ ಕುಣೀತಾರಂತಲ್ಲ" ಎಂದು ಯಾರೋ ಮೆಚ್ಚಿಕೊಂಡೇ ಹೇಳಿದ್ದರು. ಅವಳು ಖಾಲಿ ಕೊಡದೊಂದಿಗೆ ಮನೆಗೆ ಬಂದಳು.

"ನನ್ನ ಮಗೂನ ಕುಣಿಯೋರ ಕಾಲ ಕೆಳಗೆ ಹಾಕಿದ್ರಾ?"

"ಹಾಗಲ್ಲ ಮಾರ್ತ. ಒಂದ್ಸಲ ಬಂದು ಕೇಳು."

"ಬರಲ್ಲ. ನಾನು ಸತ್ರೂ ಅಲ್ಲಿಗೆ ಬರಲ್ಲ ಕಣ್ರೀ. ಆ ಪೆಟ್ಟಿಗೇನೂ ಇನ್ನು ಈ ಹೊಸಿಲು ದಾಟಿ ಬರಬಾರದು."

ಆ ಜಾಗದಲ್ಲಿ ತಾನು ಊದುವುದಿಲ್ಲ ಎಂದು ಅವನು ಅವಳಿಗೆ ಹೇಳಬಹುದಾಗಿತ್ತು. ಹೇಳಲಿಲ್ಲ. ನನಗೆ ಹೇಳಲು ಬಾಯಿಲ್ಲ. ಊದುವವನ ಬಾಯೇ ನನ್ನ ಬಾಯಿ. ಅಂದಿನಿಂದ ನಾನು ಹಾಲಿನಲ್ಲೇ ಉಳಿದೆ. ಆದರೂ ಅವಳು ಅವನ ಊಟದ ತಟ್ಟೆಯನ್ನು ಒಲೆಯ ಬಿಸಿಯಲ್ಲಿಟ್ಟೇ ಕಾಯುತ್ತಿದ್ದಳು ಎಂದು ಅವನೇ ಪಿಂಟೊನ ಹತ್ತಿರ ಹೇಳುವುದನ್ನು ಕೇಳಿದ್ದೇನೆ. "ಒಂದು ದಿನ ಬಂದಾಳು" ಎನ್ನುತ್ತಿದ್ದ. ಬಾಗಿಲ ಪಕ್ಕದ ಕುರ್ಚಿಯೊಂದನ್ನು ಖಾಲಿ ಇಡಿಸುತ್ತಿದ್ದ. ಅವನ ತಲೆ ನರೆತರೂ ಆ ಕುರ್ಚಿಯಲ್ಲಿ ಅವಳು ಕೂರಲಿಲ್ಲ. ಎದೆಯ ಕಾಯಿಲೆಯಲ್ಲಿ ಅವನು ತೀರಿಕೊಂಡಾಗ ಸಮಾಧಿಯ ಬಳಿ ಹಾಡು ನುಡಿಸುತ್ತೇವೆಂದು ಪಿಂಟೊ ಕೇಳಿದ. ಅವಳು ಬೇಡವೆಂದು ತಲೆಯಾಡಿಸಿದಳು.

ಪಿಂಟೊ ನನ್ನನ್ನು ಶಿವಾಜಿನಗರದ ಇಮ್ತಿಯಾಜನಿಗೆ ಕೊಟ್ಟು ಆ ಹಾಡನ್ನೂ ಕಲಿಸಿದ. ಕೆಲವು ವರ್ಷಕ್ಕೆ ಹಾಲ್ ಮುಚ್ಚಿತು, ಪಿಂಟೊ ತೀರಿಕೊಂಡ. ಇಮ್ತಿಯಾಜ್ ಮದುವೆ ಬ್ಯಾಂಡಿಗೆ ಸೇರಿದ. ನಗುಮುಖದವನು, ಚಳಿ ಇದ್ದರೆ ನನ್ನನ್ನು ಕೋಟಿನೊಳಗೆ ಸೇರಿಸಿಕೊಳ್ಳುತ್ತಿದ್ದ. ಮೆರವಣಿಗೆಯಲ್ಲಿ ಹಾಡಿನ ಹೆಸರು ಉದುರಿಹೋಯಿತು, ವೇಗ ಹೆಚ್ಚಿತು, ಖಾಲಿ ಜಾಗದಲ್ಲಿ ಅವನು ಗಿರಗಿರನೆ ಊದುತ್ತಿದ್ದ. ಡೋಲಿನವನು "ಅಲ್ಲಿ ಸ್ವಲ್ಪ ಉಸಿರಾದ್ರೂ ತಗೋ ಭಾಯ್" ಎಂದರೆ, "ಮದ್ವೇಲಿ ಬ್ಯಾಂಡ್ ನಿಂತ್ರೆ ಗಂಡು ಓಡಿಹೋದ ಅಂತಾರೆ!" ಎಂದು ನಗುತ್ತಿದ್ದ.

ಒಂದು ಸಂಜೆ ಮೆರವಣಿಗೆ ಇಕ್ಕಟ್ಟಿನ ಗಲ್ಲಿಯೊಂದರಲ್ಲಿ ನಿಂತಿತು. ಮದುಮಗನ ಕುದುರೆ ಹಸಿ ಸಿಮೆಂಟಿನ ರಾಶಿ ಕಂಡು ಮುಂದೆ ಬರಲೊಲ್ಲದು. ಕಾಯುವಾಗ ಇಮ್ತಿಯಾಜ್ ಆ ಹಾಡು ಹಿಡಿದ. ಎದುರಿನ ಗೇಟಿನಲ್ಲಿ ಬಿಳಿಕೂದಲ ಹೆಂಗಸೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಮಾರ್ತಮ್ಮ. ಹಾಡು ಮುಗಿಯುವ ಮೊದಲೇ ಅವಳ ಕೈ ಮೇಲೆದ್ದಿತು.

"ನಿಲ್ಸಪ್ಪಾ."

"ಯಾಕಮ್ಮಾ, ಗಲಾಟೆ ಆಯ್ತಾ?"

"ಇಲ್ಲ. ಇನ್ನೊಂದ್ಸಲ ಊದು. ಮೆತ್ತಗೆ."

ಅವನು ಮೆತ್ತಗೆ ಊದಿದ. ರಾಗ ಹತ್ತಿತು. ಗಿರಗಿರ ಶುರುವಾಗುವ ಹೊತ್ತಿಗೆ ಅವಳು ಹೇಳಿದಳು: "ಅಲ್ಲಿ ಏನೂ ಊದಬೇಡ ಕಣಪ್ಪಾ. ಅಲ್ಲಿ ಮಗು ಮಲಗುತ್ತೆ."

ಇಮ್ತಿಯಾಜ್ ನನ್ನನ್ನು ಇಳಿಸಿದ. ಡೋಲೂ ನಿಂತಿತು. "ಅಮ್ಮಾ, ನಂಗೆ ಇದನ್ನ ಕಲ್ಸಿದ ಪಿಂಟೊ ಸಾಬ್ರು ಒಂದ್ಮಾತು ಹೇಳ್ತಿದ್ರು" ಎಂದ. "ಈ ಹಾಡು ತಂದೋರು ಇಲ್ಲಿ ಊದ್ತಾನೇ ಇರ್ಲಿಲ್ಲವಂತೆ. ಉಳಿದೋರೆಲ್ಲ ಊದಿದ್ರೂ ಅವ್ರು ಕಣ್ಣು ಮುಚ್ಕೊಂಡು ಸುಮ್ನೆ ನಿಲ್ತಿದ್ರಂತೆ. ಕೊನೇ ತನಕ ಹಂಗೇ ಅಂತೆ."

ಮಾರ್ತಮ್ಮ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

"ಒಂದು ಕುರ್ಚೀನೂ ಇಡಿಸ್ತಿದ್ರಂತೆ, ಬಾಗ್ಲ ಹತ್ರ. ಯಾರಿಗೋ ಗೊತ್ತಿಲ್ಲ."

"ನಂಗೆ ಗೊತ್ತು" ಎಂದಳು ಮಾರ್ತಮ್ಮ. ಕೈ ಚಾಚಿದಳು. ಅವನು ನನ್ನನ್ನು ಕೊಟ್ಟ. ಅವಳು ಸೆರಗಿನಿಂದ ನನ್ನ ಬಾಯಿಯನ್ನು ಒರೆಸಿದಳು, ಹಾಲು ಕುಡಿದ ಮಗುವಿನ ಬಾಯಿ ಒರೆಸುವ ಹಾಗೆ. ಆಮೇಲೆ ಎದೆಗೆ ಒತ್ತಿ ಹಿಡಿದು ಗುನುಗಿದಳು. ಧ್ವನಿ ಒಡೆದಿತ್ತು. ರಾಗ ಹತ್ತಿ, ಅಲ್ಲಿಗೆ ಬಂದು, ನಿಂತಿತು. ಕುದುರೆ ಹೆಜ್ಜೆ ಎತ್ತಿದ್ದರೂ ಮೆರವಣಿಗೆಯವರು ಅವಳು ನನ್ನನ್ನು ಹಿಂದಿರುಗಿಸುವ ತನಕ ಕಾದರು. ಯಾರೂ ಬೇಗ ಎನ್ನಲಿಲ್ಲ.

ಈಗ ನನ್ನ ಮೈಯಲ್ಲಿ ಉದ್ದಕ್ಕೆ ಬಿರುಕಿದೆ. ಊದಿದರೆ ಗಾಳಿ ಸೋರುತ್ತದೆ. ಇಮ್ತಿಯಾಜನ ಮನೆಯ ಕಪಾಟಿನಲ್ಲಿ, ಅವನ ಹಳೆಯ ಕೋಟಿನ ಕೆಳಗೆ ಮಲಗಿದ್ದೇನೆ. ಆ ಸಂಜೆಯ ನಂತರ ಅವನು ಆ ಜಾಗದಲ್ಲಿ ಎಂದೂ ಊದಲಿಲ್ಲ. ಅವನಿಂದ ಕಲಿತವರೂ ಊದುವುದಿಲ್ಲ. ಕೆಲವೊಮ್ಮೆ ದೂರದ ಬೀದಿಯಿಂದ ಹಾಡು ಕೇಳುತ್ತದೆ. ಮದುವೆಯ ಗದ್ದಲ ಒಂದು ಗಳಿಗೆ ತಣ್ಣಗಾಗುತ್ತದೆ. ಗಂಡು ಓಡಿಹೋದನೆಂದು ಯಾರೂ ಹೇಳುವುದಿಲ್ಲ. ಯಾಕೆ ಸುಮ್ಮನಾದೆವೆಂದು ಅಲ್ಲಿರುವವರಿಗೆ ತಿಳಿಯದು. ಆದರೂ ಆ ಗಳಿಗೆಯಲ್ಲಿ ಎಲ್ಲರೂ, ತೊಟ್ಟಿಲಿರುವ ಕೋಣೆಯೊಳಗೆ ಕಾಲಿಟ್ಟವರ ಹಾಗೆ, ಮೆಲ್ಲಗೆ ಉಸಿರಾಡುತ್ತಾರೆ.