ಹನ್ನೆರಡನೆಯ ರೋಗಿ

ಸುಳ್ಳು ಮನುಷ್ಯರನ್ನು ಹುಟ್ಟಿಸುವುದು ಪ್ರೋಗ್ರಾಂ ಬರೆಯುವವರಿಗೆ ದಿನನಿತ್ಯದ ಕೆಲಸ. ಬರೆದದ್ದು ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಅದನ್ನು ಬಳಸುವವರು ಯಾರಾದರೂ ಬೇಕಲ್ಲ! ಬಹಳ ಮಂದಿ ಇದನ್ನು ಕಾಟಾಚಾರಕ್ಕೆ ಮಾಡಿ ಮುಗಿಸುತ್ತಾರೆ. ಹೆಸರು ‘ಅಆಇಈ’, ವಯಸ್ಸು ತೊಂಬತ್ತೊಂಬತ್ತು, ವಿಳಾಸದ ಜಾಗದಲ್ಲಿ ನಾಲ್ಕು ಚುಕ್ಕಿ. ಇಪ್ಪತ್ತೆರಡು ವರ್ಷ ಇದೇ ಕಸುಬಿನಲ್ಲಿ ಸವೆದಿದ್ದ ಅವಳಿಗೆ ಅಂಥ ಅಡ್ಡಕಸುಬಿತನ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹಾಗಾಗಿ ಕಣ್ಣಾಸ್ಪತ್ರೆಯೊಂದಕ್ಕೆ ಪ್ರೋಗ್ರಾಂ ಬರೆದಾಗ ಹನ್ನೆರಡು ಸುಳ್ಳು ರೋಗಿಗಳನ್ನು ಹೆಸರು, ಹುಟ್ಟಿದ ದಿನ, ಕಾಯಿಲೆ ಸಮೇತ ಅಚ್ಚುಕಟ್ಟಾಗಿ ಸೃಷ್ಟಿಸಿದ್ದಳು.

ಹನ್ನೊಂದರ ತನಕ ಕಲ್ಪನೆ ಓಡಿತು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಸಾಕಾಗಿ, ಬಾಯಿಪಾಠವಿದ್ದ ಒಂದು ಹೆಸರು, ಒಂದು ಹುಟ್ಟಿದ ದಿನ ಹಾಕಿ, ಎಡಗಣ್ಣಿನಲ್ಲಿ ಪೊರೆ ಎಂದು ಬರೆದು ಕೈತೊಳೆದುಕೊಂಡಳು. ಆ ಹೆಸರು ಅವಳ ತಾಯಿಯದು. ತಾಯಿ ತೀರಿಕೊಂಡು ಆಗಲೇ ಎಂಟು ವರ್ಷವಾಗಿತ್ತು.

ಪರೀಕ್ಷೆ ಮುಗಿದ ಮೇಲೆ ಈ ಹನ್ನೆರಡೂ ಮಂದಿಯನ್ನು ಅಳಿಸಿ ಪ್ರೋಗ್ರಾಮನ್ನು ಆಸ್ಪತ್ರೆಗೆ ಒಪ್ಪಿಸಬೇಕು. ಅವಳು ಮರೆತಳು. ಬೇರೆ ಯಾರಾದರೂ ಮರೆತಿದ್ದರೆ ಆಫೀಸು ಹಾರಿಹೋಗುವಂತೆ ಕೂಗಾಡುತ್ತಿದ್ದವಳು, ತಾನೇ ಮರೆತಳು. ಸುಳ್ಳು ರೋಗಿಗಳು ನಿಜವಾದ ರೋಗಿಗಳ ಪಟ್ಟಿಯೊಳಗೆ ಸದ್ದಿಲ್ಲದೆ ಸೇರಿಕೊಂಡರು.

ಇದು ಹೊರಬಿದ್ದದ್ದು ಒಂದು ವರ್ಷದ ಮೇಲೆ. ಅವಳ ಮೇಲಧಿಕಾರಿಗೆ ಆಫೀಸಿನವರು ಬೆನ್ನ ಹಿಂದೆ ಇಟ್ಟ ಹೆಸರು ಗಡುವಪ್ಪ. ಗಡುವು ಕೊಡದೆ ಆತ ಕಾಫಿ ಕುಡಿಯಲೂ ಕರೆಯುತ್ತಿರಲಿಲ್ಲ.

“ನಾಳೆ ಬೆಳಿಗ್ಗೆ ತಪಾಸಣೆಯವರು ಬರ್ತಾರೆ. ಇಲ್ಲದ ಮನುಷ್ಯ ಒಬ್ಬ ಸಿಕ್ಕಿದ್ರೂ ನಮ್ಮ ಕಥೆ ಮುಗೀತು” ಎಂದ ಗಡುವಪ್ಪ. “ನಾಲ್ಕು ಗಂಟೆಯೊಳಗೆ ಹನ್ನೆರಡೂ ಹೋಗಿರಬೇಕು ಮೇಡಂ. ನೀವು ಮಾಡಿದ ತಪ್ಪು, ನೀವೇ ಅಳಿಸಿ. ಇಲ್ಲಾಂದ್ರೆ ನಿಮ್ಮ ಕೆಲಸ ಉಳಿಸೋದು ನನ್ನ ಕೈಲಿಲ್ಲ.”

ಆತ ಹೇಳಿದ್ದು ನ್ಯಾಯವಾಗಿಯೇ ಇತ್ತು, ಅದಕ್ಕೇ ಅವಳಿಗೆ ಸಿಟ್ಟು ಬಂತು. ನಲವತ್ತೇಳರ ವಯಸ್ಸಿನಲ್ಲಿ ಈ ಕಸುಬಿನಲ್ಲಿ ಹೊಸ ಕೆಲಸ ಹುಡುಕುವುದೆಂದರೆ, ತನ್ನ ಅರ್ಧ ವಯಸ್ಸಿನವರ ಮುಂದೆ ಕೂತು ಒಗಟು ಬಿಡಿಸುವುದು. ಅದು ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

ಊಟವಾದ ಮೇಲೆ ಪಟ್ಟಿ ತೆರೆದಳು. ಹನ್ನೊಂದು ಮಂದಿ ಹುಟ್ಟಿದಾಗ ಹೇಗಿದ್ದರೋ ಹಾಗೇ ಬಿದ್ದಿದ್ದರು. ಒಬ್ಬೊಬ್ಬರನ್ನಾಗಿ ಅಳಿಸಿದಳು. ಹನ್ನೆರಡನೆಯ ದಾಖಲೆ ತೆರೆದಾಗ ಮಾತ್ರ ಕೈ ತಡೆಯಿತು. ಅದು ಉದ್ದವಾಗಿತ್ತು.

ಈ ರೋಗಿ ಕಳೆದ ಹನ್ನೊಂದು ತಿಂಗಳು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬಂದಿದ್ದರು. ಕಣ್ಣಿನ ಒತ್ತಡ ಅಳೆದಿದ್ದರು, ಹನಿ ಹಾಕಿದ್ದರು. ಷರಾದ ಜಾಗದಲ್ಲಿ ನರ್ಸ್ ಬರೆದಿದ್ದಳು: ‘ಕಿವಿ ಸ್ವಲ್ಪ ಮಂದ. ಅವಸರ ಮಾಡಿಸಿದರೆ ಗದರುತ್ತಾರೆ.’

ತಾಯಿಯ ಕಿವಿಯ ವಿಷಯವನ್ನು ಅವಳು ಯಾವತ್ತೂ ತುಂಬಿಸಿರಲಿಲ್ಲ. ಆ ಕೋಪದ ವಿಷಯವನ್ನಂತೂ ಯಾರಿಗೂ ಹೇಳಿರಲಿಲ್ಲ.

ಮೊದಲು ಅನುಮಾನ ಹೋದದ್ದು ಆಫೀಸಿಗೆ ಹೊಸದಾಗಿ ಬಂದಿದ್ದ ಕೃತಕ ಬುದ್ಧಿಮತ್ತೆಯ ಸಹಾಯಕ ಸಾಧನದ ಮೇಲೆ. ಅರ್ಧ ಸಾಲು ಬರೆದರೆ ಉಳಿದರ್ಧ ತಾನೇ ಬರೆದು ಮುಂದಿಡುವ ಅಧಿಕಪ್ರಸಂಗಿ ಅದು. ಹತ್ತರಲ್ಲಿ ಏಳು ಸಲ ಸರಿಯಾಗಿಯೂ ಬರೆಯುತ್ತಿತ್ತು, ಆ ಏಳೇ ಅವಳ ನಿದ್ದೆ ಕೆಡಿಸಿದ್ದು. ಖಾಲಿ ಜಾಗ ಕಂಡರೆ ತುಂಬುವ ಚಾಳಿಯಲ್ಲಿ ಇದನ್ನೂ ತುಂಬಿರಬೇಕು ಎಂದುಕೊಂಡಳು. ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ ಬರೆದರು ಎಂಬ ಜಾಡನ್ನು ಅವಳ ಪ್ರೋಗ್ರಾಂ ಇಟ್ಟುಕೊಳ್ಳುತ್ತಿತ್ತು. ತೆಗೆದು ನೋಡಿದಳು. ಎಲ್ಲವೂ ಆಸ್ಪತ್ರೆಯ ಎರಡನೇ ಮಹಡಿಯ ಮೇಜಿನಿಂದ, ಒಬ್ಬಳೇ ನರ್ಸಿನ ಬೆರಳಚ್ಚಿನಿಂದ ಬಂದಿದ್ದವು. ಸಾಧನ ಅತ್ತ ಸುಳಿದೇ ಇರಲಿಲ್ಲ.

ಕೊನೆಯ ಸಾಲು ಇವತ್ತಿನದು. ಬಂದದ್ದು ಹತ್ತೂ ಹತ್ತಕ್ಕೆ. ಸ್ಥಿತಿ: ‘ಕರೆದೊಯ್ಯುವವರಿಗಾಗಿ ಕಾಯುತ್ತಿದ್ದಾರೆ.’

ಕಣ್ಣಿಗೆ ಹನಿ ಹಾಕಿಸಿಕೊಂಡವರನ್ನು ಒಬ್ಬರನ್ನೇ ಕಳಿಸಬಾರದು, ಜೊತೆಯವರು ಬಂದು ಬೆರಳೊತ್ತಿದರೆ ಮಾತ್ರ ಪ್ರೋಗ್ರಾಂ ಬಿಟ್ಟುಕೊಡಬೇಕು. ಈ ನಿಯಮವನ್ನು ಆಸ್ಪತ್ರೆಯವರು ಕೇಳಿರಲಿಲ್ಲ. ಅವಳೇ ಹಠ ಹಿಡಿದು ಸೇರಿಸಿದ್ದಳು. ಒಂಬತ್ತು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಅವಳ ತಾಯಿ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಮಗಳಿಗಾಗಿ ಮೂರು ಗಂಟೆ ಕಾದಿದ್ದರು. ಮಗಳು ಆಫೀಸಿನಲ್ಲಿದ್ದಳು. ಅವತ್ತು ಒಂದು ಪ್ರೋಗ್ರಾಂ ಬಿಡುಗಡೆಯಿತ್ತು. ಕಾದು ಕಾದು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಎದ್ದು ಹೊರಟ ತಾಯಿ ರಸ್ತೆ ದಾಟುವಾಗ, ಪಟ್ಟಿಯಿದ್ದ ಕಡೆಯಿಂದ ಬಂದ ಲಾರಿಯನ್ನು ನೋಡಲಿಲ್ಲ. ತಾನಿಲ್ಲದೆ ಆ ಬಿಡುಗಡೆ ಆಗುತ್ತಲೇ ಇರಲಿಲ್ಲ ಎಂದು ಅವಳು ನೆಂಟರಿಗೆಲ್ಲ ಹೇಳಿದ್ದಳು. ಆಮೇಲೆ ಮದುವೆಯಾದ ಗಂಡನಿಗೂ ಹಾಗೆಯೇ ಹೇಳಿದ್ದಳು.

ಅಳಿಸುವ ಗುಂಡಿ ಒತ್ತಿದಳು. ‘ಖಚಿತವೇ?’ ಎಂದು ಪರದೆ ಕೇಳಿತು. ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಅವಳು ಒಮ್ಮೆಯೂ ಓದಿರಲಿಲ್ಲ. ಇವತ್ತು ಓದಿದಳು, ಬೇಡ ಎಂದು ಒತ್ತಿ, ಚೀಲ ಹೆಗಲಿಗೇರಿಸಿ ಹೊರಬಿದ್ದಳು.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಉದ್ದನೆಯ ಪಡಸಾಲೆ, ಗೋಡೆಗೆ ಒರಗಿಸಿದ ನೀಲಿ ಕುರ್ಚಿಗಳು, ಸ್ಪಿರಿಟ್ಟಿನ ವಾಸನೆ. ಮಧ್ಯಾಹ್ನದ ರೋಗಿಗಳು ಇನ್ನೂ ಬಂದಿರಲಿಲ್ಲ. ಅವಳಿಗೆ ಕಂಡಂತೆ ಕುರ್ಚಿಗಳೆಲ್ಲ ಖಾಲಿ. ಮೇಜಿನ ಹಿಂದೆ ನಡುವಯಸ್ಸಿನ ನರ್ಸ್ ಒಬ್ಬಳು ಹತ್ತಿಯುಂಡೆ ಕಟ್ಟುತ್ತ ಕೂತಿದ್ದಳು. ಅವಳು ತಾಯಿಯ ಹೆಸರು ಹೇಳಿದ್ದೇ ತಡ, ನರ್ಸ್ ಎದ್ದು ನಿಂತಳು.

“ಅಂತೂ ಬಂದ್ರಾ! ಅಲ್ಲಮ್ಮಾ, ಹನ್ನೊಂದು ತಿಂಗಳಿಂದ ಇದೇ ಆಯ್ತು. ಬೆಳಿಗ್ಗೆ ಬರ್ತಾರೆ, ಸಂಜೆ ಬಾಗಿಲು ಹಾಕೋವರೆಗೂ ಮಗಳು ಬರ್ತಾಳೆ ಅಂತ ಕಾಯ್ತಾರೆ. ನಾನು ಬೀಗ ಹಾಕೋಕೆ ತಿರುಗೋದ್ರೊಳಗೆ ಎದ್ದು ಹೋಗಿರ್ತಾರೆ. ನಿಮಗೆ ಇದು ಚೆನ್ನಾಗಿ ಕಾಣುತ್ತಾ?” ಎಂದವಳೇ ಮೂರನೆಯ ಕುರ್ಚಿಯ ಕಡೆ ತಿರುಗಿ ದನಿ ಎತ್ತರಿಸಿದಳು. “ಅಜ್ಜೀ, ಮಗಳು ಬಂದ್ರು ನೋಡಿ!”

ಅವಳು ನೋಡಿದಳು. ನೀಲಿ ಕುರ್ಚಿ ಇತ್ತು. ಅದರ ಮೇಲೆ ಯಾರೂ ಇರಲಿಲ್ಲ.

ನರ್ಸ್ ಮಾತ್ರ ಆ ಕುರ್ಚಿಯ ಮುಂದೆ ಬಗ್ಗಿ, ಸೆರಗು ಸರಿಮಾಡುವವಳ ಹಾಗೆ ಕೈಯಾಡಿಸಿ, ಏನನ್ನೋ ಕೇಳಿಸಿಕೊಂಡು ನಕ್ಕಳು. “ಬೈಬೇಡಿ ಅಜ್ಜಿ, ಕೆಲಸ ಜಾಸ್ತಿ ಇತ್ತೇನೋ ಪಾಪ.” ಆಮೇಲೆ ಬೆರಳೊತ್ತುವ ಯಂತ್ರವನ್ನು ಮುಂದೆ ತಳ್ಳಿದಳು. ‘ಸಂಬಂಧ’ ಎಂಬಲ್ಲಿ ಅವಳು ‘ಮಗಳು’ ಎಂದು ಆರಿಸಿದಳು. ಅಚ್ಚು ಎರಡು ಸಲ ತಪ್ಪಿತು. ಮೂರನೆಯ ಸಲ ಪ್ರೋಗ್ರಾಂ ಒಪ್ಪಿಕೊಂಡಿತು.

ಅಷ್ಟರಲ್ಲಿ ಗಡುವಪ್ಪನ ಫೋನು.

“ಹನ್ನೊಂದು ಹೋಗಿದೆ. ಇನ್ನೊಂದು ಯಾಕೆ ಉಳಿದಿದೆ?”

“ಅದು ಸುಳ್ಳು ದಾಖಲೆ ಅಲ್ಲ ಸರ್. ನಿಜವಾದ ರೋಗಿ.”

“ಹಾಗಂತ ಯಾರು ಹೇಳಿದ್ದು?”

“ನಾನೇ. ನನ್ನ ಹೆಸರಲ್ಲೇ ಬರ್ಕೊಳ್ಳಿ.”

“ನಾಳೆ ಅವರು, ಆ ರೋಗಿನ ಕರ್ಕೊಂಡ್ಬನ್ನಿ ಅಂದ್ರೆ ಏನ್ಮಾಡ್ತೀರಿ?”

“ಕರ್ಕೊಂಡ್ಬರ್ತೀನಿ” ಎಂದು ಫೋನಿಟ್ಟಳು.

ಆಸ್ಪತ್ರೆಯ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ಮೆಟ್ಟಿಲ ಮೇಲೆ ತೋಳು ಮುಂದೆ ಮಾಡಿ ಒಂದೊಂದೇ ಹೆಜ್ಜೆ ಇಳಿದಳು. ತೋಳಿಗೆ ಏನೂ ಭಾರ ಅನ್ನಿಸಲಿಲ್ಲ. ಆದರೂ ಚಾಲಕ ಇಳಿದು ಬಂದು ಹಿಂಬಾಗಿಲು ತೆರೆದು, “ನಿಧಾನ ಅಜ್ಜಿ, ತಲೆ ತಾಗುತ್ತೆ” ಎಂದು ಮೇಲೆ ಅಂಗೈ ಅಡ್ಡ ಇಟ್ಟ. ಅವಳು ಆಚೆ ಬದಿಯಿಂದ ಹತ್ತಿ ಕೂತಳು. ಪಕ್ಕದ ಸೀಟಿನ ರೆಕ್ಸಿನ್ನು ಎಲ್ಲೂ ತಗ್ಗಿರಲಿಲ್ಲ.

ಟ್ಯಾಕ್ಸಿ ಎರಡು ಸಿಗ್ನಲ್ ದಾಟಿತು. ಚಾಲಕ ಕನ್ನಡಿಯಲ್ಲಿ ಮತ್ತೆ ಮತ್ತೆ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಬಾಯಿಬಿಟ್ಟ.

“ಅಲ್ಲಮ್ಮಾ, ಅವರು ಆವಾಗ್ಲಿಂದ ಕೇಳ್ತಾನೇ ಇದ್ದಾರೆ. ಒಂದಕ್ಕಾದ್ರೂ ಉತ್ತರ ಕೊಡಬಾರದಾ?”

“ಏನು... ಏನು ಕೇಳ್ತಿದ್ದಾರೆ?”

“ನನ್ನನ್ಯಾಕೆ ಕೇಳ್ತೀರಿ? ಪಕ್ಕದಲ್ಲೇ ಇದ್ದಾರಲ್ಲ!” ಎಂದು ಅವನು ಮುಖ ಸಿಂಡರಿಸಿಕೊಂಡು ಗೇರು ಬದಲಿಸಿದ.

ಅವಳು ಖಾಲಿ ಸೀಟಿನ ಕಡೆ ತಿರುಗಿದಳು. ಪ್ರಶ್ನೆ ಯಾವುದೆಂದು ತಿಳಿಯದ್ದರಿಂದ ಎಲ್ಲದಕ್ಕೂ ಉತ್ತರ ಕೊಡತೊಡಗಿದಳು, ಕಿವಿ ಮಂದದವರಿಗೆ ಕೇಳುವಷ್ಟು ಜೋರಾಗಿ. ಊಟ ಆಯ್ತಮ್ಮ. ನಿದ್ದೆ ಅಷ್ಟಕ್ಕಷ್ಟೆ. ಕೆಲಸ ಇವತ್ತಿಗೆ ಇದೆ, ನಾಳೆಗೆ ಗೊತ್ತಿಲ್ಲ. ಹೂಂ, ಮದುವೆ ಆದೆ, ಒಳ್ಳೆಯವರು. ಹೇಳುತ್ತ ಹೇಳುತ್ತ ಸುಲಭದ ಉತ್ತರಗಳೆಲ್ಲ ಮುಗಿದವು, ಒಂದೇ ಉಳಿಯಿತು.

“ಅವತ್ತು ನಾನು ಬರಬಹುದಿತ್ತಮ್ಮಾ. ಆ ಕೆಲಸ ಬೇರೆ ಯಾರು ಬೇಕಾದ್ರೂ ಮಾಡ್ತಿದ್ರು. ನಾನೇ ಬರಲಿಲ್ಲ. ಆ ಪ್ರೋಗ್ರಾಂ ಈಗ ಯಾರೂ ಬಳಸ್ತಾನೂ ಇಲ್ಲ.”

ಚಾಲಕ ಕನ್ನಡಿ ನೋಡುವುದನ್ನು ಬಿಟ್ಟು, ಕೈ ಚಾಚಿ, ಸಣ್ಣಗೆ ಹಾಡುತ್ತಿದ್ದ ರೇಡಿಯೋ ಬಂದ್ ಮಾಡಿದ.